ನೆಟ್‌ಫ್ಲೋ, ಐಪಿಫಿಕ್ಸ್, ಎಸ್‌ಫ್ಲೋ: ನಿಮ್ಮ ನೆಟ್‌ವರ್ಕ್‌ಗೆ ಯಾವುದು ಸರಿ, ಹೇಗೆ ಶುರು ಮಾಡುವುದು

ಸ್ಪೀಡ್ ಗ್ರಾಫ್ ಎಲ್ಲರ ಬಳಿಯೂ ಇರುತ್ತದೆ. ತಾಲೂಕು ಕೇಂದ್ರದಲ್ಲಿ ಬ್ರಾಡ್‌ಬ್ಯಾಂಡ್ ಕೊಡುವ ಆಪರೇಟರ್ ಬಳಿ ಇರುತ್ತದೆ, ಎಂಜಿನಿಯರಿಂಗ್ ಕಾಲೇಜಿನ ಸಿಸ್ಟಮ್ ಅಡ್ಮಿನ್ ಬಳಿಯೂ ಇರುತ್ತದೆ. ಲಿಂಕ್ ತುಂಬಿದೆ ಅಂತ ಆ ಗ್ರಾಫ್ ಹೇಳುತ್ತದೆ. ಯಾರು ತುಂಬಿಸಿದರು, ಎಲ್ಲಿಂದ ಬಂತು, ಅದು ಸಿನಿಮಾನೋ ದಾಳಿನೋ ಅಂತ ಕೇಳಿದರೆ ಬಾಯಿ ಬಿಡುವುದಿಲ್ಲ. ಅದಕ್ಕೆ ಫ್ಲೋ ದಾಖಲೆ ಬೇಕು, ಅಂದರೆ ಯಾವ ವಿಳಾಸದಿಂದ ಯಾವ ವಿಳಾಸಕ್ಕೆ ಎಷ್ಟು ಟ್ರಾಫಿಕ್ ಹೋಯಿತು ಅಂತ ರೌಟರ್ ಬರೆದು ಕಳಿಸುವ ಲೆಕ್ಕ.

ಫ್ಲೋ ದಾಖಲೆ ಕಳಿಸುವ ಫಾರ್ಮ್ಯಾಟ್‌ಗಳು ಹಲವು: ನೆಟ್‌ಫ್ಲೋ, ಐಪಿಫಿಕ್ಸ್, ಎಸ್‌ಫ್ಲೋ. ಯಾವುದು ಒಳ್ಳೆಯದು ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನಾನು ನೋಡುವ ರೀತಿ ಹೀಗೆ: ಪ್ರತಿ ಫಾರ್ಮ್ಯಾಟೂ ಏನನ್ನೋ ಒಂದನ್ನು ಬಿಟ್ಟೇ ಬರೆಯುತ್ತದೆ. ಅದು ಬಿಟ್ಟಿದ್ದು ನಿಮಗೆ ಬೇಕಾದದ್ದೇ ಆಗಿದ್ದರೆ ಎಷ್ಟು ಚೆಂದದ ಡ್ಯಾಶ್‌ಬೋರ್ಡ್ ಇದ್ದರೂ ಉಪಯೋಗವಿಲ್ಲ. ಆದ್ದರಿಂದ ಈ ಲೇಖನದಲ್ಲಿ ಪ್ರತಿಯೊಂದೂ ಏನು ಬಿಡುತ್ತದೆ ಅನ್ನುವುದನ್ನೇ ಜಾಸ್ತಿ ನೋಡೋಣ.

ಮೊದಲು ಪ್ರಶ್ನೆ ಬರೆದುಕೊಳ್ಳಿ

ಒಂದು ಹಾಳೆ ತೆಗೆದುಕೊಂಡು ನಿಮಗೆ ನಿಜವಾಗಿ ಬೇಕಾದ ಉತ್ತರಗಳನ್ನು ಬರೆಯಿರಿ. ಸಾಮಾನ್ಯವಾಗಿ ಬರುವವು ಇವು. ಸಂಜೆ ಲಿಂಕ್ ತುಂಬಿದಾಗ ಟ್ರಾಫಿಕ್ ಯಾವ ನೆಟ್‌ವರ್ಕ್‌ನಿಂದ ಬರುತ್ತಿದೆ? ಯಾವ ಗ್ರಾಹಕ ಜಾಸ್ತಿ ಎಳೆಯುತ್ತಿದ್ದಾನೆ? ನಮ್ಮೊಳಗಿನ ಯಾವುದಾದರೂ ಕಂಪ್ಯೂಟರ್ ಹೊರಗಡೆ ಸ್ಕ್ಯಾನ್ ಮಾಡುತ್ತಿದೆಯಾ? ಪೊಲೀಸರು ಒಂದು ಐಪಿ, ಒಂದು ಸಮಯ ಕೊಟ್ಟು ಯಾರು ಅಂತ ಕೇಳಿದರೆ ಹೇಳಬಲ್ಲೆವಾ?

ಮೊದಲನೆಯದಕ್ಕೆ ಅಂದಾಜು ಸಾಕು. ಮೂರನೆಯದಕ್ಕೆ ಸಣ್ಣ ಸಣ್ಣ ಫ್ಲೋಗಳೂ ಕಾಣಬೇಕು. ನಾಲ್ಕನೆಯದಕ್ಕೆ ಒಂದೂ ಬಿಡದೆ ಲೆಕ್ಕ ಬೇಕು. ಮೂರಕ್ಕೂ ಒಂದೇ ಮದ್ದು ಹುಡುಕಬೇಡಿ, ಸಿಗುವುದಿಲ್ಲ.

ಫ್ಲೋಗೆ ಕೈ ಹಾಕುವ ಮುಂಚೆ ಎಸ್‌ಎನ್‌ಎಂಪಿ ಸರಿ ಇದೆಯಾ ನೋಡಿ

ರೌಟರ್, ಸ್ವಿಚ್‌ಗಳಿಂದ ಅವುಗಳ ಸ್ಥಿತಿ ಕೇಳಿ ತಿಳಿಯುವ ವಿಧಾನ ಎಸ್‌ಎನ್‌ಎಂಪಿ. ಇದನ್ನು ಬಹಳ ಜನ ಹಾರಿಸಿಬಿಡುತ್ತಾರೆ. ಮುಂದೆ ಫ್ಲೋ ಲೆಕ್ಕ ಸರಿ ಇದೆಯಾ ಅಂತ ತಾಳೆ ನೋಡಲು ಇಂಟರ್‌ಫೇಸ್ ಕೌಂಟರ್ (ರೌಟರ್‌ನ ಪ್ರತಿ ಸಂಪರ್ಕದಲ್ಲಿ ಎಷ್ಟು ಬೈಟ್ ಹೋಯಿತು ಅನ್ನುವ ಎಣಿಕೆ) ಬೇಕೇ ಬೇಕು. ಆ ಕೌಂಟರ್ 64 ಬಿಟ್‌ನದ್ದಾಗಿರಬೇಕು. ಹಳೆಯ 32 ಬಿಟ್ ಕೌಂಟರ್ ಸುಮಾರು 429 ಕೋಟಿ ಬೈಟ್‌ಗೆ ಮತ್ತೆ ಸೊನ್ನೆಗೆ ಬರುತ್ತದೆ. 1 ಜಿಬಿಪಿಎಸ್ ಲಿಂಕ್ ಪೂರ್ತಿ ತುಂಬಿ ಓಡುತ್ತಿದ್ದರೆ ಅದು 34 ಸೆಕೆಂಡಿಗೊಮ್ಮೆ ಸುತ್ತು ಹೊಡೆಯುತ್ತದೆ. ನೀವು 5 ನಿಮಿಷಕ್ಕೊಮ್ಮೆ ಓದಿದರೆ ನಡುವೆ ಎಷ್ಟು ಸುತ್ತು ಆಯಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಗ್ರಾಫ್ ಚೆನ್ನಾಗಿಯೇ ಕಾಣುತ್ತದೆ, ಸಂಖ್ಯೆ ಮಾತ್ರ ಸುಳ್ಳು.

ಈಗಿನ ಕೆಲವು ರೌಟರ್‌ಗಳಲ್ಲಿ ಎಸ್‌ಎನ್‌ಎಂಪಿ ಬದಲು ಜಿಎನ್‌ಎಂಐ ಮೂಲಕ ಕೌಂಟರ್‌ಗಳನ್ನು ಕೆಲವೇ ಸೆಕೆಂಡಿಗೊಮ್ಮೆ ತರಿಸಿಕೊಳ್ಳಬಹುದು. ನಾವು ಹೋಗಿ ಕೇಳುವುದು ತಪ್ಪುತ್ತದೆ, ರೌಟರೇ ಕಳಿಸುತ್ತಿರುತ್ತದೆ. ಇದಕ್ಕೆ ಸ್ಟ್ರೀಮಿಂಗ್ ಟೆಲಿಮೆಟ್ರಿ ಅಂತ ಹೆಸರು. ಚೆನ್ನಾಗಿದೆ, ಆದರೆ ಅಲ್ಲೂ ಸಿಗುವುದು ಮುಖ್ಯವಾಗಿ ಕೌಂಟರ್‌ಗಳೇ. ಇದನ್ನು ಹಾಕಿದರೆ ಫ್ಲೋ ಬೇಡ ಅಂತ ಯಾರಾದರೂ ಮಾರಲು ಬಂದರೆ ನಂಬಬೇಡಿ.

ಇನ್ನೊಂದು ತುದಿಯಲ್ಲಿ ಪ್ಯಾಕೆಟ್ ಕ್ಯಾಪ್ಚರ್ ಇದೆ, ಅಂದರೆ ಹಾದುಹೋಗುವ ಪ್ರತಿ ಪ್ಯಾಕೆಟ್ಟನ್ನೂ (ಡೇಟಾದ ಸಣ್ಣ ತುಂಡನ್ನೂ) ಹಾಗೇ ಬರೆದಿಡುವುದು. ಅದರಲ್ಲಿ ಎಲ್ಲವೂ ಸಿಗುತ್ತದೆ. ಆದರೆ ತುಂಬಿದ 1 ಜಿಬಿಪಿಎಸ್ ಲಿಂಕ್‌ನ ಒಂದೇ ದಿಕ್ಕಿನ ಟ್ರಾಫಿಕ್ ಬರೆದಿಟ್ಟರೂ ದಿನಕ್ಕೆ 10.8 ಟಿಬಿ ಆಗುತ್ತದೆ. ಹತ್ತು ನಿಮಿಷದ ತಪಾಸಣೆಗೆ ಸರಿ, ದಿನನಿತ್ಯಕ್ಕೆ ಆಗದು.

ನೆಟ್‌ಫ್ಲೋ 5: ಹಳೆಯದು, ಸರಳ, ಕುರುಡು

1996ರಲ್ಲಿ ಸಿಸ್ಕೋದಲ್ಲಿ ಹುಟ್ಟಿದ್ದು ನೆಟ್‌ಫ್ಲೋ. ರೌಟರ್ ಪ್ಯಾಕೆಟ್‌ಗಳನ್ನು ಬೇಗ ಸಾಗಿಸಲಿ ಅಂತ ಮಾಡಿದ್ದ ಒಂದು ಕ್ಯಾಶ್, ಆಮೇಲೆ ಲೆಕ್ಕ ಇಡಲು ಉಪಯೋಗಕ್ಕೆ ಬಂತು. ಮೂಲ ಐಪಿ, ಗುರಿ ಐಪಿ, ಎರಡೂ ಕಡೆಯ ಪೋರ್ಟ್, ಪ್ರೋಟೊಕಾಲ್, ಟಿಒಎಸ್ ಬೈಟ್ (ಪ್ಯಾಕೆಟ್‌ನ ಆದ್ಯತೆ ಹೇಳುವ ಅಂಶ), ಒಳಬಂದ ಇಂಟರ್‌ಫೇಸ್ ಈ ಏಳೂ ಒಂದೇ ಆಗಿರುವ ಪ್ಯಾಕೆಟ್‌ಗಳೆಲ್ಲ ಸೇರಿ ಒಂದು ಫ್ಲೋ. ಫ್ಲೋ ಒಂದು ದಿಕ್ಕಿನದು. ನೀವು ಒಂದು ಫೈಲ್ ಇಳಿಸಿಕೊಂಡರೆ ಬರುವುದು ಒಂದು ಫ್ಲೋ, ಹೋಗುವುದು ಇನ್ನೊಂದು.

ಆವೃತ್ತಿ 5ರ ರಚನೆ ಕಲ್ಲಿನಲ್ಲಿ ಕೆತ್ತಿದಂತೆ ಖಾಯಂ. 24 ಬೈಟ್ ಹೆಡರ್, ಆಮೇಲೆ 48 ಬೈಟ್‌ಗಳ ದಾಖಲೆಗಳು, ಒಂದು ಪ್ಯಾಕೆಟ್‌ಗೆ ಹೆಚ್ಚೆಂದರೆ 30. ಒಟ್ಟು 1,464 ಬೈಟ್. ಯಾವ ಕಲೆಕ್ಟರ್ (ದಾಖಲೆಗಳನ್ನು ಪಡೆದು ಕೂಡಿಡುವ ತಂತ್ರಾಂಶ) ಆದರೂ ಓದುತ್ತದೆ, ಕೆಡುವುದು ಅಪರೂಪ. ಅದಕ್ಕೇ ಇನ್ನೂ ಬದುಕಿದೆ.

ಈಗ ಅದು ಬಿಡುವುದು ಏನು ನೋಡಿ. ಐಪಿವಿ6, ಅಂದರೆ ಹೊಸ ಬಗೆಯ ಉದ್ದದ ಐಪಿ ವಿಳಾಸ, ಇಲ್ಲವೇ ಇಲ್ಲ. ಭಾರತದಲ್ಲಿ ಗೂಗಲ್‌ಗೆ ಬರುವ ಬಳಕೆದಾರರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಐಪಿವಿ6ನಲ್ಲೇ ಬರುತ್ತಾರೆ. ನಿಮ್ಮ ಗ್ರಾಹಕರಿಗೆ ನೀವು ಐಪಿವಿ6 ಕೊಟ್ಟಿದ್ದರೆ ಯೂಟ್ಯೂಬ್‌ನಂಥ ಭಾರೀ ಟ್ರಾಫಿಕ್ಕೇ ಆವೃತ್ತಿ 5ರ ಕಣ್ಣಿಗೆ ಬೀಳುವುದಿಲ್ಲ. ವಿಲ್ಯಾನ್ (ಒಂದೇ ಸ್ವಿಚ್‌ನೊಳಗೆ ಬೇರ್ಪಡಿಸಿದ ನೆಟ್‌ವರ್ಕ್) ಇಲ್ಲ, ಮ್ಯಾಕ್ ವಿಳಾಸ (ಯಂತ್ರದ ಸ್ವಂತ ಗುರುತು) ಇಲ್ಲ, ನ್ಯಾಟ್ ಆದ ಮೇಲಿನ, ಅಂದರೆ ಒಳಗಿನ ಐಪಿಯನ್ನು ಸಾರ್ವಜನಿಕ ಐಪಿಗೆ ಬದಲಿಸಿದ ಮೇಲಿನ, ವಿಳಾಸ ಇಲ್ಲ.

ನಮ್ಮ ಸಣ್ಣ ಐಎಸ್‌ಪಿಗಳಿಗೆ ತಟ್ಟುವ ಇನ್ನೊಂದು ವಿಷಯ ಎಎಸ್ ನಂಬರ್, ಅಂದರೆ ಇಂಟರ್‌ನೆಟ್‌ನಲ್ಲಿ ಒಂದೊಂದು ನೆಟ್‌ವರ್ಕ್‌ಗೆ ಇರುವ ಗುರುತಿನ ಸಂಖ್ಯೆ. ಆವೃತ್ತಿ 5ರಲ್ಲಿ ಅದಕ್ಕೆ ಇರುವ ಜಾಗ 16 ಬಿಟ್ ಮಾತ್ರ, ಅಂದರೆ 65,535ರವರೆಗೆ. ಈಚೆಗೆ ಏಷ್ಯಾ-ಪೆಸಿಫಿಕ್ ಭಾಗಕ್ಕೆ ಇವನ್ನು ಹಂಚುವ ಏಪ್ನಿಕ್ ಕಡೆಯಿಂದ ಹಂಚಿಕೆಯಾಗುವ ನಂಬರ್‌ಗಳು 1,31,072ರಿಂದ ಮೇಲಿನವು. ಆ ನಂಬರ್‌ಗಳು ಇಲ್ಲಿ ಹಿಡಿಸುವುದಿಲ್ಲ. ಅವೆಲ್ಲ 23456 ಅನ್ನುವ ಒಂದೇ ಬದಲಿ ನಂಬರಿನಲ್ಲಿ ಕಾಣಿಸುತ್ತವೆ. ವರದಿಯಲ್ಲಿ 23456 ಮೇಲಿನ ಸಾಲಿನಲ್ಲಿ ಕೂತಿದ್ದರೆ ಅದು ಯಾವ ಕಂಪನಿ ಅಂತ ಹುಡುಕುತ್ತಾ ಕೂರಬೇಡಿ.

ನೆಟ್‌ಫ್ಲೋ 9 ಮತ್ತು ಐಪಿಫಿಕ್ಸ್: ಟೆಂಪ್ಲೇಟ್ ಬಂದ ಮೇಲೆ

ಆವೃತ್ತಿ 9ರ ವಿವರ 2004ರ ಆರ್‌ಎಫ್‌ಸಿ 3954 ಅನ್ನುವ ಇಂಟರ್‌ನೆಟ್ ತಾಂತ್ರಿಕ ಬರಹದಲ್ಲಿದೆ. ಇಲ್ಲಿ ರೌಟರ್ ಮೊದಲು ಒಂದು ಟೆಂಪ್ಲೇಟ್ ಕಳಿಸುತ್ತದೆ: ನನ್ನ ದಾಖಲೆಯಲ್ಲಿ ಮೊದಲು ಇದು, ಆಮೇಲೆ ಅದು, ಇಷ್ಟಿಷ್ಟು ಬೈಟ್ ಅಂತ. ನಂತರ ಬರೀ ದಾಖಲೆ ಕಳಿಸುತ್ತಾ ಹೋಗುತ್ತದೆ. ಹೊಸ ಅಂಶ ಸೇರಿಸಬೇಕೆಂದರೆ ಹೊಸ ಟೆಂಪ್ಲೇಟ್ ಸಾಕು. ಐಪಿವಿ6 ಬಂತು, ವಿಲ್ಯಾನ್ ಬಂತು, ಎಂಪಿಎಲ್‌ಎಸ್ ಬಂತು.

ಇದನ್ನೇ ತೆಗೆದುಕೊಂಡು, ಇಂಟರ್‌ನೆಟ್ ಮಾನಕ ರೂಪಿಸುವ ಐಇಟಿಎಫ್ ಸಂಸ್ಥೆ ಮಾಡಿದ ಮಾನಕ ಐಪಿಫಿಕ್ಸ್. ಮೊದಲ ರೂಪ 2008ರಲ್ಲಿ, ಈಗ ಬಳಕೆಯಲ್ಲಿರುವ ಆರ್‌ಎಫ್‌ಸಿ 7011 ಬಂದಿದ್ದು 2013ರಲ್ಲಿ. ಪ್ಯಾಕೆಟ್ ಒಳಗೆ ಆವೃತ್ತಿ ಸಂಖ್ಯೆ 10 ಅಂತಲೇ ಇರುತ್ತದೆ. 1ರಿಂದ 127ರವರೆಗಿನ ಅಂಶಗಳು ಆವೃತ್ತಿ 9ಕ್ಕೆ ಹೊಂದುವಂತೆಯೇ ಇವೆ. ಕಂಪನಿಗಳು ತಮ್ಮದೇ ಅಂಶ ಸೇರಿಸಲು ಪ್ರತ್ಯೇಕ ನಂಬರ್ ಜಾಗ ಇದೆ, ಉದ್ದ ಬದಲಾಗುವ ಅಂಶಗಳನ್ನೂ ಕಳಿಸಬಹುದು. ಜುನಿಪರ್‌ನ ಜೆ-ಫ್ಲೋ, ಹುವಾವೇಯ ನೆಟ್‌ಸ್ಟ್ರೀಮ್ ಅಂತ ಕೇಳಿದರೆ ಗಾಬರಿ ಬೇಡ. ಹೆಸರು ಬೇರೆ, ಒಳಗೆ ಬಹುಮಟ್ಟಿಗೆ ಇದೇ ಕುಟುಂಬ.

ಎರಡೂ ಸಿಗುವುದಾದರೆ ಐಪಿಫಿಕ್ಸ್ ಆರಿಸಿ. ನನಗೆ ಇಷ್ಟವಾಗುವ ಎರಡು ಕಾರಣ ಹೇಳುತ್ತೇನೆ.

ಒಂದು, ಸಮಯ. ಹಳೆಯ ರೀತಿಯಲ್ಲಿ ಫ್ಲೋ ಶುರುವಾದ ಹೊತ್ತು ಅಂದರೆ ರೌಟರ್ ಆನ್ ಆಗಿ ಎಷ್ಟು ಮಿಲಿಸೆಕೆಂಡ್ ಆಯಿತು ಅನ್ನುವ ಲೆಕ್ಕ. ಆ 32 ಬಿಟ್ ಲೆಕ್ಕ 49.7 ದಿನಕ್ಕೆ ಸುತ್ತು ಹೊಡೆಯುತ್ತದೆ. ಸರಿಯಾಗಿ ಬರೆಯದ ಕಲೆಕ್ಟರ್‌ನಲ್ಲಿ ಆವತ್ತು ವಿಚಿತ್ರ ತಾರೀಖುಗಳು ಕಾಣುತ್ತವೆ. ಐಪಿಫಿಕ್ಸ್‌ನಲ್ಲಿ ಗಡಿಯಾರದ ನೇರ ಸಮಯವನ್ನೇ ಮಿಲಿಸೆಕೆಂಡ್ ಸಮೇತ ಕಳಿಸಬಹುದು.

ಎರಡು, ಫ್ಲೋ ಏಕೆ ಮುಗಿಯಿತು ಅನ್ನುವ ಅಂಶ. ಅಂಶ ಸಂಖ್ಯೆ 136. ಅದರಲ್ಲಿ 1 ಅಂದರೆ ಸುಮ್ಮನಿದ್ದು ಟೈಮ್‌ಔಟ್ ಆಯಿತು, 2 ಅಂದರೆ ಇನ್ನೂ ಓಡುತ್ತಿದೆ ಆದರೆ ಅವಧಿ ಮುಗಿಯಿತು, 3 ಅಂದರೆ ಸಂಪರ್ಕವೇ ಮುಗಿಯಿತು. 5 ಅಂದರೆ ರೌಟರ್‌ನಲ್ಲಿ ಜಾಗ ಸಾಲದೆ ಹೊರಹಾಕಿದೆ. 5 ಜಾಸ್ತಿ ಕಾಣಲು ಶುರುವಾದರೆ ನಿಮ್ಮ ರೌಟರ್ ಏದುಸಿರು ಬಿಡುತ್ತಿದೆ ಅಂತ ಅರ್ಥ. ಇದನ್ನು ಕಳಿಸುವ ರೌಟರ್ ನಿಮ್ಮದಾಗಿದ್ದರೆ ಖಂಡಿತ ಆನ್ ಮಾಡಿ.

ಟೆಂಪ್ಲೇಟ್‌ನ ತೊಂದರೆಯೂ ಗೊತ್ತಿರಲಿ. ಕಲೆಕ್ಟರ್ ಈಗ ತಾನೇ ಶುರುವಾಗಿದೆ, ಟೆಂಪ್ಲೇಟ್ ಇನ್ನೂ ಬಂದಿಲ್ಲ ಅಂದುಕೊಳ್ಳಿ. ಬಂದ ದಾಖಲೆಯೆಲ್ಲ ಅರ್ಥವಾಗದ ಬೈಟ್‌ಗಳ ರಾಶಿ. ತಲುಪಿತಾ ಅಂತ ನೋಡದೆ ಕಳಿಸುವ ಯುಡಿಪಿಯಲ್ಲಿ ಟೆಂಪ್ಲೇಟ್ ಕಳೆದುಹೋದರೆ ಮತ್ತೆ ಕೇಳುವ ದಾರಿಯೂ ಇಲ್ಲ. ರೌಟರ್ ತಾನಾಗಿ ಮತ್ತೆ ಕಳಿಸುವವರೆಗೆ ಕಾಯಬೇಕು. ಹಾಗಾಗಿ ಟೆಂಪ್ಲೇಟ್ ಮರುಕಳಿಸುವ ಅವಧಿಯನ್ನು 1 ನಿಮಿಷದ ಆಸುಪಾಸಿಗೆ ಇಳಿಸಿ. ಅರ್ಧ ಗಂಟೆ ಅಂತ ಬಿಟ್ಟರೆ ಕಲೆಕ್ಟರ್ ರಿಸ್ಟಾರ್ಟ್ ಮಾಡಿದಾಗಲೆಲ್ಲ ಅರ್ಧ ಗಂಟೆ ಕತ್ತಲೆ.

ಎಸ್‌ಫ್ಲೋ: ಒಂದು ಅಗುಳು ನೋಡುವ ವಿದ್ಯೆ

ಎಸ್‌ಫ್ಲೋ ಹೆಸರಿನಲ್ಲಿ ಫ್ಲೋ ಇದ್ದರೂ ಅದು ಫ್ಲೋ ಕಟ್ಟುವುದೇ ಇಲ್ಲ. ಇನ್‌ಮಾನ್ ಕಂಪನಿ ತಂದ ಈ ವಿಧಾನದ ವಿವರ 2001ರಲ್ಲಿ ಆರ್‌ಎಫ್‌ಸಿ 3176 ಆಗಿ ಬಂತು. ಈಗ ನಡೆಯುತ್ತಿರುವುದು ಅದರ ನಂತರದ ಆವೃತ್ತಿ 5. ಸ್ವಿಚ್ ಪ್ರತಿ ಸಾವಿರ ಪ್ಯಾಕೆಟ್‌ಗೆ ಸರಾಸರಿ ಒಂದನ್ನು ಹಿಡಿದು, ಅದರ ಮೊದಲ 128 ಬೈಟ್ ಕತ್ತರಿಸಿ, ಆಗಲೇ ಕಲೆಕ್ಟರ್‌ಗೆ ಕಳಿಸುತ್ತದೆ. ಜೊತೆಗೆ ಇಂಟರ್‌ಫೇಸ್ ಕೌಂಟರ್‌ಗಳನ್ನೂ ಆಗಾಗ ಕಳಿಸುತ್ತಿರುತ್ತದೆ. ಸ್ವಿಚ್‌ನಲ್ಲಿ ಯಾವ ನೆನಪೂ ಇಟ್ಟುಕೊಳ್ಳಬೇಕಿಲ್ಲವಾದ್ದರಿಂದ 100 ಜಿಬಿಪಿಎಸ್ ಪೋರ್ಟ್‌ನಲ್ಲೂ ಆರಾಮಾಗಿ ನಡೆಯುತ್ತದೆ. ಎತರ್‌ನೆಟ್ ಹೆಡರ್ ಸಮೇತ ಬರುವುದರಿಂದ ಮ್ಯಾಕ್, ವಿಲ್ಯಾನ್ ಎಲ್ಲ ಕಾಣುತ್ತದೆ. ಟೈಮ್‌ಔಟ್ ಕಾಯುವ ಗೋಜಿಲ್ಲ, ದಾಳಿ ಶುರುವಾದ ಕೆಲವೇ ಸೆಕೆಂಡಿನಲ್ಲಿ ತೆರೆಯ ಮೇಲೆ ಬರುತ್ತದೆ.

ಅನ್ನ ಬೆಂದಿದೆಯಾ ಅಂತ ನೋಡಲು ಒಂದು ಅಗುಳು ಸಾಕು, ಅಲ್ವಾ? ಇಡೀ ಪಾತ್ರೆ ಒಂದೇ ಉರಿಯಲ್ಲಿ ಬೆಂದಿದೆ ಅನ್ನುವ ಧೈರ್ಯ ಅದರ ಹಿಂದೆ ಇದೆ. ನೆಟ್‌ವರ್ಕ್‌ನಲ್ಲಿ ಆ ಧೈರ್ಯ ಎಲ್ಲಿಯವರೆಗೆ ಸಾಗುತ್ತದೆ ಅಂತ ಲೆಕ್ಕ ಹಾಕೋಣ.

ಎಸ್‌ಫ್ಲೋಗೆ ಒಂದು ಸುಲಭ ಸೂತ್ರ ಇದೆ. ಒಬ್ಬರ ಟ್ರಾಫಿಕ್‌ಗೆ ಸಿಕ್ಕ ಸ್ಯಾಂಪಲ್‌ಗಳ ಸಂಖ್ಯೆಯ ವರ್ಗಮೂಲದಿಂದ 196ನ್ನು ಭಾಗಿಸಿ. ಬರುವುದು ಶೇಕಡಾವಾರು ತಪ್ಪಿನ ಮಿತಿ, 95ರಷ್ಟು ಭರವಸೆಯಲ್ಲಿ. 1 ಜಿಬಿಪಿಎಸ್ ಲಿಂಕ್‌ನಲ್ಲಿ 500 ಎಂಬಿಪಿಎಸ್ ಓಡುತ್ತಿದೆ, ಪ್ಯಾಕೆಟ್‌ನ ಸರಾಸರಿ ಗಾತ್ರ 800 ಬೈಟ್ ಅಂದುಕೊಳ್ಳಿ. ಸೆಕೆಂಡಿಗೆ ಸುಮಾರು 78,000 ಪ್ಯಾಕೆಟ್. ಸಾವಿರಕ್ಕೊಂದರಂತೆ 5 ನಿಮಿಷದಲ್ಲಿ ಸುಮಾರು 23,400 ಸ್ಯಾಂಪಲ್ ಸಿಗುತ್ತವೆ. ಇದರಲ್ಲಿ ಶೇ. 2ರಷ್ಟು ಪಾಲಿರುವ ಗ್ರಾಹಕನಿಗೆ 470ರ ಹತ್ತಿರ ಸ್ಯಾಂಪಲ್. ತಪ್ಪು ಸುಮಾರು ಶೇ. 9. ಪರವಾಗಿಲ್ಲ. ಶೇ. 0.1 ಪಾಲಿರುವವನಿಗೆ 23 ಸ್ಯಾಂಪಲ್. ತಪ್ಪು ಶೇ. 40! ಅವನ ಬಿಲ್ ಇದರ ಮೇಲೆ ಹಾಕಿದರೆ ಜಗಳ ಗ್ಯಾರಂಟಿ. ಅದೇ ಗ್ರಾಹಕನನ್ನು ಒಂದು ಗಂಟೆ ಪೂರ್ತಿ ಸೇರಿಸಿ ನೋಡಿದರೆ ತಪ್ಪು ಶೇ. 12ಕ್ಕೆ ಇಳಿಯುತ್ತದೆ.

ಸ್ಕ್ಯಾನ್ ಹಿಡಿಯುವ ವಿಷಯದಲ್ಲಿ ಇನ್ನೂ ಕಷ್ಟ. ಒಂದು ಕಂಪ್ಯೂಟರ್ 254 ವಿಳಾಸಗಳಿಗೆ ತಲಾ ಒಂದು ಪ್ಯಾಕೆಟ್ ಕಳಿಸಿತು. ಸಾವಿರಕ್ಕೊಂದು ಸ್ಯಾಂಪಲ್‌ನಲ್ಲಿ ಅದರ ಒಂದೂ ಪ್ಯಾಕೆಟ್ ಸಿಗದೇ ಹೋಗುವ ಸಾಧ್ಯತೆ ಶೇ. 78. ಇದು ಎಸ್‌ಫ್ಲೋದ ತಪ್ಪಲ್ಲ. ನೆಟ್‌ಫ್ಲೋ, ಐಪಿಫಿಕ್ಸ್‌ನಲ್ಲೂ ಸ್ಯಾಂಪ್ಲಿಂಗ್ ಹಾಕಿದರೆ ಇದೇ ಪಾಡು. ಇಲ್ಲಿ ಆಟವಾಡುವುದು ಸ್ಯಾಂಪ್ಲಿಂಗ್ ದರ.

ಸರಿ, ನಿಮಗೆ ಯಾವುದು?

ಮೈಕ್ರೋಟಿಕ್ ಅಥವಾ ಲಿನಕ್ಸ್ ರೌಟರ್ ಇಟ್ಟುಕೊಂಡು ಒಂದೆರಡು ಜಿಬಿಪಿಎಸ್ ನಡೆಸುವವರು ಐಪಿಫಿಕ್ಸ್ ಅಥವಾ ಆವೃತ್ತಿ 9 ಆನ್ ಮಾಡಿ, ಸ್ಯಾಂಪ್ಲಿಂಗ್ ಬೇಡ. ಸಿಪಿಯು ತಡೆಯುವವರೆಗೆ ಪ್ರತಿ ಪ್ಯಾಕೆಟ್ ಎಣಿಸಲಿ. ಮೈಕ್ರೋಟಿಕ್‌ನಲ್ಲಿ ಇದರ ಹೆಸರು ಟ್ರಾಫಿಕ್ ಫ್ಲೋ. 1, 5, 9, ಐಪಿಫಿಕ್ಸ್ ನಾಲ್ಕೂ ಅದಕ್ಕೆ ಬರುತ್ತವೆ.

ಸ್ವಿಚ್‌ಗಳೇ ಜಾಸ್ತಿ ಇರುವ ಡೇಟಾ ಸೆಂಟರ್, ಕ್ಯಾಂಪಸ್, ಇಂಟರ್‌ನೆಟ್ ಎಕ್ಸ್‌ಚೇಂಜ್‌ಗಳಿಗೆ (ನೆಟ್‌ವರ್ಕ್‌ಗಳು ನೇರವಾಗಿ ಟ್ರಾಫಿಕ್ ಬದಲಿಸಿಕೊಳ್ಳುವ ಜಾಗ) ಎಸ್‌ಫ್ಲೋ ಹೊಂದುತ್ತದೆ. ಆಮ್‌ಸ್ಟರ್‌ಡಾಮ್‌ನ ಆಮ್ಸ್-ಐಎಕ್ಸ್ ತನ್ನ ಟ್ರಾಫಿಕ್ ವಿಂಗಡಣೆಗೆ ಬಳಸಿದ್ದು ಇದನ್ನೇ. ದೊಡ್ಡ ರೌಟರ್‌ಗಳಿದ್ದರೆ ಸ್ಯಾಂಪ್ಲಿಂಗ್ ಹಾಕಿದ ಐಪಿಫಿಕ್ಸ್.

ಡಬ್ಬ ಏನನ್ನೂ ಕಳಿಸುವುದಿಲ್ಲ ಅಂದರೆ ಮಿರರ್ ಪೋರ್ಟ್ (ಟ್ರಾಫಿಕ್‌ನ ನಕಲು ಕಳಿಸುವ ಪೋರ್ಟ್) ಹಾಕಿ ಪಕ್ಕದ ಲಿನಕ್ಸ್ ಯಂತ್ರದಲ್ಲಿ ಸಾಫ್ಟ್‌ಫ್ಲೋಡಿ ಅಥವಾ ಪಿಎಂಎಸಿಸಿಟಿ ಓಡಿಸಿ, ಫ್ಲೋ ದಾಖಲೆ ಅವು ಮಾಡಿಕೊಡುತ್ತವೆ. ಒಂದು ಎಚ್ಚರಿಕೆ: 1 ಜಿಬಿಪಿಎಸ್ ಪೋರ್ಟ್‌ನ ಹೋಗುವ ಬರುವ ಎರಡೂ ದಿಕ್ಕು ಸೇರಿ 2 ಜಿಬಿಪಿಎಸ್ ಆಗಬಹುದು. ಅದನ್ನು 1 ಜಿಬಿಪಿಎಸ್ ಮಿರರ್ ಪೋರ್ಟ್‌ಗೆ ತುರುಕಿದರೆ ಉಳಿದದ್ದು ಬಿದ್ದುಹೋಗುತ್ತದೆ, ಅದೂ ನಿಮಗೆ ಬೇಕಾದ ಹೊತ್ತಿನಲ್ಲೇ.

ಸರ್ವರ್‌ಗಳು ಅಮೆಜಾನ್‌ನ ಕ್ಲೌಡ್ ಆದ ಎಡಬ್ಲ್ಯೂಎಸ್‌ನಲ್ಲಿದ್ದರೆ ಅಲ್ಲಿ ವಿಪಿಸಿ ಫ್ಲೋ ಲಾಗ್ ಇದೆ. ಬಿಡಿಸಿ ಬರೆದ ಸಾಲುಗಳು, ಒಪ್ಪಿತೋ ತಡೆಯಿತೋ ಅನ್ನುವುದೂ ಇರುತ್ತದೆ. ಸುಮ್ನೆ ಬಿಟ್ಟರೆ ಒಟ್ಟುಗೂಡಿಸುವ ಅವಧಿ 10 ನಿಮಿಷ, 1 ನಿಮಿಷಕ್ಕೆ ಇಳಿಸಬಹುದು. ಅಮೆಜಾನ್‌ನ ಸ್ವಂತ ಡಿಎನ್‌ಎಸ್ ಸರ್ವರ್‌ಗೆ ಹೋಗುವ ಪ್ರಶ್ನೆಗಳು ಅದರಲ್ಲಿ ಬರುವುದಿಲ್ಲ ಅನ್ನುವುದು ನೆನಪಿರಲಿ.

ಟೈಮ್‌ಔಟ್ ಬದಲಿಸದೆ ಮುಂದೆ ಹೋಗಬೇಡಿ

ಹಂತಗಳಲ್ಲಿ ಒಂದನ್ನೇ ಮಾಡಲು ಸಮಯ ಇದೆ ಅಂದರೆ ಇದನ್ನು ಮಾಡಿ. ರೌಟರ್ ಎರಡು ಟೈಮ್‌ಔಟ್ ಇಟ್ಟುಕೊಂಡಿರುತ್ತದೆ. ಫ್ಲೋ ಸುಮ್ಮನಾದ ಮೇಲೆ ಎಷ್ಟು ಹೊತ್ತು ಕಾಯಬೇಕು ಅನ್ನುವುದು ಒಂದು, ಸಾಮಾನ್ಯವಾಗಿ 15 ಸೆಕೆಂಡ್. ಓಡುತ್ತಲೇ ಇರುವ ಫ್ಲೋವನ್ನು ಎಷ್ಟು ಹೊತ್ತಿಗೊಮ್ಮೆ ವರದಿ ಮಾಡಬೇಕು ಅನ್ನುವುದು ಇನ್ನೊಂದು. ಸಿಸ್ಕೋದಲ್ಲಿ, ಮೈಕ್ರೋಟಿಕ್‌ನಲ್ಲಿ ಇದು ಮೊದಲಿನಿಂದ 30 ನಿಮಿಷ.

30 ನಿಮಿಷ ಬಿಟ್ಟರೆ ಏನಾಗುತ್ತದೆ ನೋಡಿ. ಒಬ್ಬರು 20 ಎಂಬಿಪಿಎಸ್‌ನಲ್ಲಿ ಅರ್ಧ ಗಂಟೆ ಬ್ಯಾಕಪ್ ಇಳಿಸಿಕೊಳ್ಳುತ್ತಾರೆ. ಒಟ್ಟು 4.5 ಜಿಬಿ. ಆ ಅರ್ಧ ಗಂಟೆ ನಿಮ್ಮ ಗ್ರಾಫ್‌ನಲ್ಲಿ ಏನೂ ಇಲ್ಲ. ಕೊನೆಗೆ ಇಡೀ 4.5 ಜಿಬಿ ಒಂದೇ ದಾಖಲೆಯಾಗಿ ಬಂದು ಬೀಳುತ್ತದೆ. ಕಲೆಕ್ಟರ್ ಅದನ್ನು ಬಂದ 5 ನಿಮಿಷದ ಖಾನೆಗೇ ಹಾಕಿಕೊಂಡರೆ 120 ಎಂಬಿಪಿಎಸ್‌ನ ಗೋಪುರ ಏಳುತ್ತದೆ. 50 ಎಂಬಿಪಿಎಸ್ ಪ್ಲಾನ್ ತೆಗೆದುಕೊಂಡವರು 120 ಎಳೆದರು ಅಂತ ಕಾಣುತ್ತದೆ. ಆವೃತ್ತಿ 5 ಆಗಿದ್ದರೆ ಇನ್ನೊಂದು ಗ್ರಹಚಾರ: ಬೈಟ್ ಲೆಕ್ಕದ ಜಾಗ 32 ಬಿಟ್, ಅದರಲ್ಲಿ 4.29 ಜಿಬಿಗಿಂತ ದೊಡ್ಡ ಸಂಖ್ಯೆ ಹಿಡಿಸುವುದೇ ಇಲ್ಲ.

ಓಡುವ ಫ್ಲೋ ಟೈಮ್‌ಔಟನ್ನು 60 ಸೆಕೆಂಡ್ ಮಾಡಿ. ದಾಖಲೆಗಳ ಸಂಖ್ಯೆ ಸ್ವಲ್ಪ ಏರುತ್ತದೆ, ಪರವಾಗಿಲ್ಲ. ಸುಮ್ಮನಿರುವ ಫ್ಲೋಗೆ 15 ಸೆಕೆಂಡೇ ಇರಲಿ.

ಇದೇ ಹೊತ್ತಿನಲ್ಲಿ ಇನ್ನೆರಡು ಕೆಲಸ ಮುಗಿಸಿ. ರೌಟರ್, ಕಲೆಕ್ಟರ್ ಎರಡಕ್ಕೂ ಗಡಿಯಾರ ಸರಿಹೊಂದಿಸುವ ಎನ್‌ಟಿಪಿ ಹಾಕಿ. ಇಂಟರ್‌ಫೇಸ್ ಸಂಖ್ಯೆಗಳು ರೀಬೂಟ್ ಆದ ಮೇಲೂ ಬದಲಾಗದಂತೆ ಖಾಯಂ ಮಾಡಿ. ಫ್ಲೋ ದಾಖಲೆಯಲ್ಲಿ ಇಂಟರ್‌ಫೇಸ್‌ನ ಹೆಸರು ಇರುವುದಿಲ್ಲ, ಸಂಖ್ಯೆ ಮಾತ್ರ. ರಾತ್ರಿ ಕರೆಂಟ್ ಹೋಗಿ ಬಂದು ಸಂಖ್ಯೆ ಅದಲುಬದಲಾದರೆ ಬೆಳಿಗ್ಗೆ ಅಪ್‌ಲಿಂಕ್‌ನ ಟ್ರಾಫಿಕ್ ಹಾಸ್ಟೆಲ್‌ನ ಹೆಸರಿನಲ್ಲಿ ಕಾಣುತ್ತದೆ.

ಕಲೆಕ್ಟರ್ ನಿಲ್ಲಿಸುವುದು

ಕಲಿಯಲು ಎನ್‌ಎಫ್‌ಡಂಪ್‌ಗಿಂತ ಒಳ್ಳೆಯದು ನನಗೆ ಕಂಡಿಲ್ಲ. ಉಚಿತ, ಹಳೆಯದು, ಡೇಟಾಬೇಸ್ ಬೇಡ. ನೆಟ್‌ಫ್ಲೋ, ಐಪಿಫಿಕ್ಸ್ ಹಿಡಿಯಲು ಎನ್‌ಎಫ್‌ಕ್ಯಾಪ್‌ಡಿ, ಎಸ್‌ಫ್ಲೋ ಹಿಡಿಯಲು ಎಸ್‌ಎಫ್‌ಕ್ಯಾಪ್‌ಡಿ ಅಂತ ಅದರಲ್ಲೇ ಬರುತ್ತವೆ. 5 ನಿಮಿಷಕ್ಕೊಂದು ಫೈಲ್ ಬರೆಯುತ್ತದೆ. ಆ ಫೈಲ್‌ಗಳ ಮೇಲೆ ಬೇಕಾದ ಹಾಗೆ ಪ್ರಶ್ನೆ ಕೇಳಬಹುದು. ಬಣ್ಣದ ಗ್ರಾಫ್ ಬೇಕಾದವರಿಗೆ ಅಕ್ವೊರಾಡೊ ಇದೆ. ಫ್ರಾನ್ಸ್‌ನ ಫ್ರೀ ಅನ್ನುವ ಇಂಟರ್‌ನೆಟ್ ಕಂಪನಿಯಲ್ಲಿ ಬೆಳೆದು 2022ರಲ್ಲಿ ಎಲ್ಲರಿಗೂ ಮುಕ್ತವಾದದ್ದು. ಹಿಂದೆ ಕ್ಲಿಕ್‌ಹೌಸ್ ಡೇಟಾಬೇಸ್ ಓಡುತ್ತದೆ, ಹಾಗಾಗಿ ಮೆಮೊರಿ ಸ್ವಲ್ಪ ಜಾಸ್ತಿ ಬೇಕು.

ಡಿಸ್ಕ್ ಲೆಕ್ಕ ಸುಲಭ. ಒಂದು ಫ್ಲೋಗೆ 50 ಬೈಟ್ ಅಂತ ಹಿಡಿಯಿರಿ. ಸೆಕೆಂಡಿಗೆ 1,000 ಫ್ಲೋ ಬಂದರೆ ದಿನಕ್ಕೆ 8.64 ಕೋಟಿ ಫ್ಲೋ, 4.3 ಜಿಬಿ. 180 ದಿನಕ್ಕೆ 780 ಜಿಬಿ ಹತ್ತಿರ, ಕಂಪ್ರೆಸ್ ಮಾಡುವ ಮೊದಲು. ಐಪಿವಿ6 ಬಂದರೆ ದಾಖಲೆ ದೊಡ್ಡದಾಗುತ್ತದೆ, ಸ್ವಲ್ಪ ಕೈ ಸಡಿಲ ಬಿಟ್ಟು ಹಾಕಿ.

ಪೋರ್ಟ್‌ಗಳು: ನೆಟ್‌ಫ್ಲೋಗೆ ರೂಢಿಯಲ್ಲಿ 2055, ಐಪಿಫಿಕ್ಸ್‌ಗೆ 4739, ಎಸ್‌ಫ್ಲೋಗೆ 6343. ಎಲ್ಲವೂ ಯುಡಿಪಿ. ಗೂಢಲಿಪಿ ಇಲ್ಲದೆ ಬರುವುದರಿಂದ ಇದನ್ನು ಇಂಟರ್‌ನೆಟ್ ಮೇಲೆ ಬರಿಗೈಯಲ್ಲಿ ಕಳಿಸಬೇಡಿ. ಮ್ಯಾನೇಜ್‌ಮೆಂಟ್ ವಿಲ್ಯಾನ್ ಒಳಗೆ ಅಥವಾ ವಿಪಿಎನ್ ಒಳಗೆ ಹೋಗಲಿ.

ಕಳಿಸಿದ್ದು ತಲುಪಿತಾ?

ಕಲೆಕ್ಟರ್ ಯಂತ್ರದಲ್ಲಿ, ಬರುವ ಪ್ಯಾಕೆಟ್ ತೋರಿಸುವ ಟಿಸಿಪಿಡಂಪ್ ಹಾಕಿ ಆ ಪೋರ್ಟ್ ನೋಡಿ. ಪ್ಯಾಕೆಟ್ ಬರುತ್ತಿಲ್ಲ ಅಂದರೆ ರೌಟರ್ ಕಡೆ ತೊಂದರೆ. ಟಿಸಿಪಿಡಂಪ್‌ನಲ್ಲಿ ಕಾಣುತ್ತಿದೆ, ಕಲೆಕ್ಟರ್ ಮಾತ್ರ ಏನೂ ಬಂದಿಲ್ಲ ಅನ್ನುತ್ತಿದೆ ಅಂದರೆ ಎರಡು ಕಡೆ ಹುಡುಕಿ. ಒಂದು ಅದೇ ಯಂತ್ರದ ಫೈರ್‌ವಾಲ್. ಟಿಸಿಪಿಡಂಪ್ ಫೈರ್‌ವಾಲ್‌ಗಿಂತ ಮುಂಚೆಯೇ ನೋಡುವುದರಿಂದ ಹೀಗಾಗುತ್ತದೆ. ಇನ್ನೊಂದು ಲಿನಕ್ಸ್‌ನ ಆರ್‌ಪಿ ಫಿಲ್ಟರ್. ರೌಟರ್ ತನ್ನ ಲೂಪ್‌ಬ್ಯಾಕ್ ವಿಳಾಸದಿಂದ ಕಳಿಸುತ್ತಿದ್ದು, ಆ ವಿಳಾಸಕ್ಕೆ ವಾಪಸ್ ಹೋಗುವ ದಾರಿ ಬೇರೆ ಇಂಟರ್‌ಫೇಸ್‌ನಲ್ಲಿದ್ದರೆ ಲಿನಕ್ಸ್ ಸದ್ದಿಲ್ಲದೆ ಎಸೆದುಬಿಡುತ್ತದೆ.

ಬರುತ್ತಿದೆ ಆದರೆ ಅರ್ಥವಾಗುತ್ತಿಲ್ಲ ಅಂದರೆ ವೈರ್‌ಶಾರ್ಕ್‌ನಲ್ಲಿ ತೆರೆಯಿರಿ. ಟೆಂಪ್ಲೇಟ್ ಸಿಕ್ಕಿಲ್ಲ ಅಂತ ಅದೇ ಹೇಳುತ್ತದೆ. ನಡುನಡುವೆ ಕಳೆದುಹೋಗುತ್ತಿದೆ ಅಂದರೆ ಸೀಕ್ವೆನ್ಸ್ ನಂಬರ್ ನೋಡಿ. ಇಲ್ಲಿ ಒಂದು ಸಣ್ಣ ಕಿರಿಕಿರಿ ಇದೆ. ಆವೃತ್ತಿ 5ರಲ್ಲಿ ಆ ನಂಬರ್ ಎಣಿಸುವುದು ಫ್ಲೋಗಳನ್ನು, 9ರಲ್ಲಿ ಪ್ಯಾಕೆಟ್‌ಗಳನ್ನು, ಐಪಿಫಿಕ್ಸ್‌ನಲ್ಲಿ ದಾಖಲೆಗಳನ್ನು. ಕಲೆಕ್ಟರ್‌ಗೆ ಇದು ಗೊತ್ತಿಲ್ಲದಿದ್ದರೆ ಇಲ್ಲದ ನಷ್ಟವನ್ನು ತೋರಿಸುತ್ತದೆ. ನಿಜವಾಗಿಯೂ ಕಳೆದುಹೋಗುತ್ತಿದ್ದರೆ ಹೆಚ್ಚಿನ ಸಲ ತಪ್ಪಿತಸ್ಥ ಲಿನಕ್ಸ್‌ನ ಯುಡಿಪಿ ಬಫರ್. ಅದನ್ನು ದೊಡ್ಡದು ಮಾಡಿ.

ತಾಳೆ ನೋಡುವ ಹಂತ

ಒಂದು ಗಂಟೆಯ ಫ್ಲೋ ಬೈಟ್‌ಗಳನ್ನು ಕೂಡಿಸಿ, ಅದೇ ಗಂಟೆಯ ಎಸ್‌ಎನ್‌ಎಂಪಿ ಕೌಂಟರ್ ಪಕ್ಕ ಇಡಿ. ಫ್ಲೋ ಲೆಕ್ಕ ಸ್ವಲ್ಪ ಕಡಿಮೆ ಇರಬೇಕು. ನೆಟ್‌ಫ್ಲೋ ಐಪಿ ಬೈಟ್‌ಗಳನ್ನು ಎಣಿಸುತ್ತದೆ, ಇಂಟರ್‌ಫೇಸ್ ಕೌಂಟರ್ ಎತರ್‌ನೆಟ್‌ನ 18 ಬೈಟ್‌ಗಳನ್ನೂ ಸೇರಿಸುತ್ತದೆ. 800 ಬೈಟ್ ಸರಾಸರಿ ಇದ್ದರೆ ಶೇ. 2ರಷ್ಟು ವ್ಯತ್ಯಾಸ. ಇದು ಸಹಜ.

ಫ್ಲೋ ಲೆಕ್ಕ ಸರಿಯಾಗಿ ಎರಡರಷ್ಟು ಬಂದರೆ ಒಳಗೆ ಬರುವಾಗ ಒಮ್ಮೆ, ಹೊರಗೆ ಹೋಗುವಾಗ ಒಮ್ಮೆ ಎಣಿಸುತ್ತಿದ್ದೀರಿ. ಒಂದನ್ನು ತೆಗೆಯಿರಿ, ಒಳಬರುವುದನ್ನು ಎಲ್ಲ ಇಂಟರ್‌ಫೇಸ್‌ನಲ್ಲೂ ಇಟ್ಟರೆ ಸಾಕು. ಅರ್ಧ ಬಂದರೆ ಯಾವುದೋ ಇಂಟರ್‌ಫೇಸ್ ಬಿಟ್ಟಿದ್ದೀರಿ, ಅಥವಾ ಆವೃತ್ತಿ 5 ಹಾಕಿಕೊಂಡು ಐಪಿವಿ6 ಮರೆತಿದ್ದೀರಿ. ಸಾವಿರದಲ್ಲೊಂದು ಪಾಲು ಬಂದರೆ ಸ್ಯಾಂಪ್ಲಿಂಗ್ ದರ ಕಲೆಕ್ಟರ್‌ಗೆ ಗೊತ್ತಾಗಿಲ್ಲ. ಎಸ್‌ಫ್ಲೋದಲ್ಲಿ ದರ ಪ್ರತಿ ಸ್ಯಾಂಪಲ್ ಜೊತೆಗೇ ಬರುತ್ತದೆ. 9 ಮತ್ತು ಐಪಿಫಿಕ್ಸ್‌ನಲ್ಲಿ ಅದು ಸಾಮಾನ್ಯವಾಗಿ ಪ್ರತ್ಯೇಕ ಆಪ್ಷನ್ಸ್ ಟೆಂಪ್ಲೇಟ್ ಮೂಲಕ ಬರುತ್ತದೆ, ಕೆಲವು ರೌಟರ್‌ಗಳು ಕಳಿಸುವುದೇ ಇಲ್ಲ. ಆಗ ಕಲೆಕ್ಟರ್‌ನಲ್ಲಿ ಕೈಯಿಂದ ಬರೆಯಬೇಕು.

ಪೊಲೀಸರ ಪ್ರಶ್ನೆಗೆ ಬೇರೆ ಲಾಗ್

ಗ್ರಾಹಕರು ಸಿಜಿನ್ಯಾಟ್ ಹಿಂದೆ ಇದ್ದರೆ ಒಂದೇ ಸಾರ್ವಜನಿಕ ಐಪಿಯನ್ನು ಹತ್ತಾರು ಮನೆಗಳು ಹಂಚಿಕೊಂಡಿರುತ್ತವೆ. ಯಾರು ಅಂತ ಹೇಳಲು ನ್ಯಾಟ್ ಆದ ಮೇಲಿನ ಪೋರ್ಟ್, ಸರಿಯಾದ ಸಮಯ ಎರಡೂ ಬೇಕು. ಸ್ಯಾಂಪಲ್ ಮಾಡಿದ ಫ್ಲೋ ಇಲ್ಲಿ ಕೆಲಸಕ್ಕೆ ಬಾರದು. ಐಪಿಫಿಕ್ಸ್‌ನಲ್ಲಿ ನ್ಯಾಟ್ ಘಟನೆಗಳಿಗೆಂದೇ ಅಂಶಗಳಿವೆ, ನ್ಯಾಟ್ ಆದ ಮೇಲಿನ ಮೂಲ ವಿಳಾಸ 225, ಘಟನೆಯ ಬಗೆ 230. ನಿಮ್ಮ ನ್ಯಾಟ್ ಯಂತ್ರ ಇದನ್ನು ಕಳಿಸುತ್ತದೆಯಾ ನೋಡಿ. ಇಲ್ಲದಿದ್ದರೆ ಯಂತ್ರ ಕಳಿಸುವ ಮಾಮೂಲಿ ಸಂದೇಶಗಳ ಲಾಗ್ ಆದ ಸಿಸ್‌ಲಾಗ್. ಯಾವುದೇ ಆದರೂ ಟ್ರಾಫಿಕ್ ವಿಶ್ಲೇಷಣೆಯ ಫ್ಲೋ ಜೊತೆ ಬೆರೆಸದೆ ಬೇರೆ ಕಡೆ ಇಡಿ.

ಎಷ್ಟು ದಿನ? ದೇಶದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಲಾಗ್‌ಗಳನ್ನು 180 ದಿನ ಇಡಬೇಕು, ಗಡಿಯಾರಗಳನ್ನು ಎನ್‌ಐಸಿ ಅಥವಾ ಎನ್‌ಪಿಎಲ್‌ನ ಎನ್‌ಟಿಪಿ ಸರ್ವರ್‌ಗಳಿಗೆ ಹೊಂದಿಸಬೇಕು. ಇಂಟರ್‌ನೆಟ್ ಲೈಸೆನ್ಸ್ ಇರುವವರಿಗೆ ದೂರಸಂಪರ್ಕ ಇಲಾಖೆ 2021ರ ಡಿಸೆಂಬರ್‌ನಲ್ಲಿ ದಾಖಲೆಗಳ ಅವಧಿಯನ್ನು ಕನಿಷ್ಠ 2 ವರ್ಷಕ್ಕೆ ಏರಿಸಿದೆ. ನಿಮ್ಮ ಲೈಸೆನ್ಸ್ ಷರತ್ತನ್ನು ಒಮ್ಮೆ ತೆರೆದು ಓದಿ. ಮತ್ತೆ, ಯಾರು ಯಾವ ಹೊತ್ತಿನಲ್ಲಿ ಎಲ್ಲಿಗೆ ಹೋದರು ಅನ್ನುವುದೆಲ್ಲ ಈ ಡಿಸ್ಕ್‌ನಲ್ಲಿದೆ. ಅದರ ಪಾಸ್‌ವರ್ಡ್ ಆಫೀಸಿನ ಎಲ್ಲರ ಬಳಿ ಇರಬಾರದು.

ಮೊದಲ ವಾರ ಕೇಳಬೇಕಾದ ಪ್ರಶ್ನೆಗಳು

ಸಂಜೆ 8ರಿಂದ 10ರವರೆಗಿನ ಫೈಲ್‌ಗಳನ್ನು ತೆಗೆದುಕೊಂಡು ಮೂಲ ಎಎಸ್ ಪ್ರಕಾರ ಬೈಟ್ ಕೂಡಿಸಿ. ರೌಟರ್‌ನಲ್ಲಿ ಬಿಜಿಪಿ (ನೆಟ್‌ವರ್ಕ್‌ಗಳು ಪರಸ್ಪರ ದಾರಿ ತಿಳಿಸುವ ವಿಧಾನ) ಇಲ್ಲದಿದ್ದರೆ ಈ ಅಂಶ ಸೊನ್ನೆ ಇರುತ್ತದೆ, ಆಗ ಕಲೆಕ್ಟರ್‌ಗೆ ಐಪಿಯಿಂದ ಎಎಸ್ ಹುಡುಕುವ ಪಟ್ಟಿ ಕೊಡಬೇಕು. ಗೂಗಲ್‌ನ 15169, ಮೆಟಾದ 32934, ನೆಟ್‌ಫ್ಲಿಕ್ಸ್‌ನ 2906, ಅಕಮೈನ 20940 ಮೇಲಿನ ಸಾಲುಗಳಲ್ಲಿ ಬಂದರೆ ಆಶ್ಚರ್ಯವಿಲ್ಲ. ಇವುಗಳ ಪಾಲು ಗೊತ್ತಾದರೆ ಬ್ಯಾಂಡ್‌ವಿಡ್ತ್ ಕೊಳ್ಳುವುದೋ, ಎಕ್ಸ್‌ಚೇಂಜ್‌ಗೆ ಸೇರಿ ಪೀರಿಂಗ್ ಮಾಡುವುದೋ ಅಂತ ಯೋಚಿಸಬಹುದು. ಪೋರ್ಟ್ ನೋಡಿ ಆ್ಯಪ್ ಯಾವುದು ಅಂತ ಹೇಳುವ ಕಾಲ ಮುಗಿಯಿತು. ಎಲ್ಲವೂ 443ರಲ್ಲೇ ಬರುತ್ತದೆ. ಡ್ಯಾಶ್‌ಬೋರ್ಡ್‌ನಲ್ಲಿ ಆ್ಯಪ್ ಹೆಸರು ಬಂದರೆ ಅದರಲ್ಲಿ ಊಹೆ ಎಷ್ಟು ಅಂತ ಕೇಳಿ.

ಸ್ಯಾಂಪ್ಲಿಂಗ್ ಇಲ್ಲದಿದ್ದರೆ ಟಿಸಿಪಿ ಫ್ಲ್ಯಾಗ್ ನೋಡಿ. ಬರೀ ಸಿನ್ (ಸಂಪರ್ಕ ಶುರು ಮಾಡಲು ಕೇಳುವ ಗುರುತು) ಇರುವ, ಒಂದೆರಡು ಪ್ಯಾಕೆಟ್‌ನ ಫ್ಲೋಗಳು ಒಂದೇ ಮನೆಯಿಂದ ಸಾವಿರಾರು ವಿಳಾಸಕ್ಕೆ ಹೋಗುತ್ತಿದ್ದರೆ ಅಲ್ಲಿ ಯಾವುದೋ ಕ್ಯಾಮೆರಾ ಅಥವಾ ಟಿವಿ ಡಬ್ಬಕ್ಕೆ ಸೋಂಕು ತಗುಲಿದೆ.

ಇನ್ನು ದಾಳಿ. ಒಂದೇ ಗ್ರಾಹಕನ ಐಪಿಗೆ ನೂರಾರು ಕಡೆಯಿಂದ ಯುಡಿಪಿ, ಮೂಲ ಪೋರ್ಟ್ 53 ಅಥವಾ 123 ಅಥವಾ 11211, ಪ್ಯಾಕೆಟ್ ಎಲ್ಲ ದೊಡ್ಡವು. ಹೀಗೆ ಕಂಡರೆ ಅದು ಬೇರೆಯವರ ಸರ್ವರ್‌ಗಳನ್ನು ಬಳಸಿ ಹೊಡೆಯುವ ಪ್ರತಿಫಲನ ದಾಳಿ. 2018ರ ಫೆಬ್ರವರಿಯಲ್ಲಿ ಗಿಟ್‌ಹಬ್ ಮೇಲೆ 1.35 ಟಿಬಿಪಿಎಸ್ ಬಂದದ್ದು ಆ 11211ರಿಂದಲೇ, ಅಂದರೆ ಮೆಮ್‌ಕ್ಯಾಶ್‌ಡಿ ಸರ್ವರ್‌ಗಳಿಂದ. ಗುರಿ ಐಪಿ, ಮೂಲ ಪೋರ್ಟ್, ಸೆಕೆಂಡಿಗೆ ಎಷ್ಟು ಪ್ಯಾಕೆಟ್ ಈ ಮೂರನ್ನು ಬರೆದು ನಿಮಗೆ ಬ್ಯಾಂಡ್‌ವಿಡ್ತ್ ಕೊಡುವ ಅಪ್‌ಸ್ಟ್ರೀಮ್‌ಗೆ ಕಳಿಸಿ. ಬಿಜಿಪಿ ಇದ್ದರೆ ಆ ಒಂದು ಐಪಿಯನ್ನು 65535:666 ಕಮ್ಯುನಿಟಿ (ದಾರಿಗೆ ಅಂಟಿಸುವ ಗುರುತು) ಹಾಕಿ ಬ್ಲ್ಯಾಕ್‌ಹೋಲ್ ಮಾಡಿಸಬಹುದು, ಅಂದರೆ ಅದಕ್ಕೆ ಬರುವುದನ್ನೆಲ್ಲ ಅಲ್ಲೇ ಎಸೆಯಿಸಬಹುದು. 2016ರ ಆರ್‌ಎಫ್‌ಸಿ 7999 ಇದಕ್ಕೆಂದೇ ಇಟ್ಟ ನಂಬರ್ ಅದು. ನಿಮ್ಮ ಅಪ್‌ಸ್ಟ್ರೀಮ್ ಇದನ್ನು ಒಪ್ಪುತ್ತದೆಯೋ, ಅವರದ್ದೇ ಬೇರೆ ನಂಬರ್ ಇದೆಯೋ ಅಂತ ಇವತ್ತೇ ಮೇಲ್ ಹಾಕಿ ಕೇಳಿಟ್ಟುಕೊಳ್ಳಿ. ದಾಳಿ ನಡೆಯುವಾಗ ಆ ಮೇಲ್ ಹೋಗಬೇಕಾದ ಲಿಂಕೂ ಅದೇ.